ಡಾಕ್ಟರ್ ಮೇಡಂ ಅವರನ್ನು ಕೇಳಿ: ಎರಡೇ ಅಬಾರ್ಷನ್ ಕೇಸ್ ನೋಡಿ ಪಿಎಚ್‌ಸಿಗೆ (ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ) ಹೋದರೆ ಸಾಕಾ?

ಪ್ರಶ್ನೆ (ಹೌಸ್ ಸರ್ಜನ್, ಮೈಸೂರು): ಮೇಡಂ, ನಮಸ್ತೆ. ಓಬಿಜಿ (ಹೆರಿಗೆ ಮತ್ತು ಸ್ತ್ರೀರೋಗ ವಿಭಾಗ) ಪೋಸ್ಟಿಂಗ್ ಮೊನ್ನೆ ಮುಗಿಯಿತು. ಹೆರಿಗೆ ಬೇಕಾದಷ್ಟು ನೋಡಿದೆ. ಅಬಾರ್ಷನ್ ನೋಡಿದ್ದು ಎರಡೇ, ಅದೂ ಸೀನಿಯರ್‌ಗಳ ಬೆನ್ನ ಹಿಂದೆ ನಿಂತು. ಮುಂದೆ ಮಂಡ್ಯ ಕಡೆ ಪಿಎಚ್‌ಸಿ ಸೇರುವ ಆಸೆ. ಯಾರಾದರೂ ಬಂದು ಕೇಳಿದರೆ ನಾನು ಮಾಡಬಹುದಾ?

ಉತ್ತರ (ಸ್ತ್ರೀರೋಗ ತಜ್ಞೆ, ಮಂಡ್ಯ): ಈಗಲೇ ಬೇಡಮ್ಮ. ಎಂಬಿಬಿಎಸ್ ಒಂದೇ ಸಾಲದು. ಹಾಗಂತ ಪಿಜಿ ಮಾಡಲೇಬೇಕು ಅಂತಲೂ ಇಲ್ಲ. ಎಂಟಿಪಿ (ವೈದ್ಯಕೀಯ ಗರ್ಭಪಾತ) ನಿಯಮದ ಪ್ರಕಾರ ಮಾನ್ಯತೆ ಇರುವ ಆಸ್ಪತ್ರೆಯಲ್ಲಿ 25 ಕೇಸ್‌ಗಳಲ್ಲಿ ಜೊತೆಗಿದ್ದು, ಅದರಲ್ಲಿ ಕನಿಷ್ಠ 5 ನಿಮ್ಮ ಕೈಯಿಂದಲೇ ಆಗಿದ್ದರೆ 12 ವಾರದವರೆಗೆ ಮಾಡಬಹುದು. ಬರೀ ಮಾತ್ರೆಯಿಂದ, 9 ವಾರದೊಳಗೆ ಮಾಡುವುದಾದರೆ ಓಬಿಜಿಯಲ್ಲಿ 3 ತಿಂಗಳ ಅನುಭವ ಇರಬೇಕು, ಇಲ್ಲವೇ ಹಿರಿಯರ ಕಣ್ಣೆದುರು 10 ಕೇಸ್ ಮಾಡಿರಬೇಕು. ಇದು 2021ರಲ್ಲಿ ಸೇರಿದ ನಿಯಮ.

ಕೇಸ್ ಸಿಗಲಿಲ್ಲ ಅಂತ ಸುಮ್ನೆ ಕೂರಬೇಡಿ. ಎಂವಿಎ ಸಿರಿಂಜ್ (ಗರ್ಭವನ್ನು ಕೈಯಿಂದಲೇ ಹೀರಿ ತೆಗೆಯುವ ಸಿರಿಂಜ್) ಹಿಡಿಯುವುದನ್ನು ಪರಂಗಿ ಹಣ್ಣಿನ ಮೇಲೆ ಕಲಿಯಬಹುದು. ಆಕಾರ ಹೆಚ್ಚುಕಡಿಮೆ ಗರ್ಭಕೋಶದ್ದೇ. ಸಣ್ಣ ತುದಿಯಿಂದ ಕ್ಯಾನುಲಾ (ಸಿರಿಂಜಿನ ಕೊಳವೆ) ತೂರಿಸಿ ಸಿರಿಂಜಿನ ಗುಂಡಿ ಬಿಟ್ಟರೆ ಕಪ್ಪು ಬೀಜಗಳು ಬರ್ರನೆ ಒಳಗೆ ಬರುತ್ತವೆ. ಕೈ ಭಾರವಾದರೆ ಕ್ಯಾನುಲಾ ಹಣ್ಣಿನ ಆಚೆ ಬದಿಯಿಂದ ಹೊರಗೆ ಬರುತ್ತದೆ. ಆ ತಪ್ಪು ಹಣ್ಣಿನ ಮೇಲೆಯೇ ಆಗಿಹೋಗಲಿ.

ಇನ್ನೊಂದು. ತೆಗೆದದ್ದನ್ನು ಗಾಜಿನ ಬಟ್ಟಲಿನ ನೀರಿಗೆ ಹಾಕಿ, ಕೆಳಗಿಂದ ಬೆಳಕು ಬಿಟ್ಟು ನೋಡಬೇಕು. ಗರ್ಭದ ಎಳೆಗಳು ಬೆಳ್ಳಗೆ, ಹಕ್ಕಿಯ ಪುಕ್ಕದಂತೆ ಬಿಚ್ಚಿಕೊಂಡು ತೇಲುತ್ತವೆ. ಅವು ಕಾಣದಿದ್ದರೆ ಗರ್ಭ ಗರ್ಭಕೋಶದ ಬದಲು ಅಂಡನಾಳದಲ್ಲಿ ಕೂತಿರಬಹುದು, ಆಕೆಯನ್ನು ಮನೆಗೆ ಕಳಿಸಬೇಡಿ. ನನಗೆ ಇದನ್ನು ಕಲಿಸಿದ್ದು ಪ್ರೊಫೆಸರ್ ಅಲ್ಲ, ಲೇಬರ್ ವಾರ್ಡಿನ ಹಿರಿಯ ಸಿಸ್ಟರ್. ಅವರನ್ನು ಇವತ್ತಿಗೂ ನೆನೆಯುತ್ತೇನೆ. ಕೆರೆದು ತೆಗೆಯುವ ಹಳೇ ಡಿ ಅಂಡ್ ಸಿ ಮಾತ್ರ ಕಲಿಯಲು ಹೋಗಬೇಡಿ. ಅದನ್ನು ಬಿಟ್ಟುಬಿಡಿ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ.

ಪ್ರಶ್ನೆ (ಸ್ಟಾಫ್ ನರ್ಸ್, ಶ್ರೀರಂಗಪಟ್ಟಣ): ಮೇಡಂ, ಗಂಡನ ಸಹಿ ಇಲ್ಲದೆ ಮಾಡಬಾರದು ಅಂತ ನಮ್ಮಲ್ಲಿ ವಾಪಸ್ ಕಳಿಸುತ್ತಾರೆ. ಸರೀನಾ?

ಉತ್ತರ: ಖಂಡಿತ ಸರಿಯಲ್ಲ ಸಿಸ್ಟರ್. 18 ತುಂಬಿದ ಹೆಣ್ಣುಮಗಳ ಸಹಿ ಆಕೆಯದೇ ಸಾಕು. ಗಂಡನ ಸಹಿ, ಅತ್ತೆಯ ಸಹಿ ಕಾನೂನಿನಲ್ಲಿ ಎಲ್ಲೂ ಇಲ್ಲ. 18 ತುಂಬದವರಿಗೆ ಮತ್ತು ಮಾನಸಿಕ ಕಾಯಿಲೆ ಇರುವವರಿಗೆ ಮಾತ್ರ ಪೋಷಕರ ಸಹಿ ಬೇಕು. ಮದುವೆಯಾಗದವಳಿಗೂ ಮದುವೆಯಾದವಳಷ್ಟೇ ಹಕ್ಕಿದೆ ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ಬಂದವರ ಹೆಸರನ್ನು ಹೊರಗೆ ಬಾಯಿಬಿಟ್ಟರೆ ಡಾಕ್ಟರಿಗೆ ಒಂದು ವರ್ಷದವರೆಗೆ ಜೈಲು. ಇದನ್ನೂ ಕ್ಲಾಸಿನಲ್ಲೇ ಹೇಳಿಕೊಡಬೇಕು ಅಲ್ವಾ? ಕೈ ಪಳಗಿದ್ದರೂ "ಗಂಡ ಎಲ್ಲಿ?" ಅಂತ ಗದರುವ ಡಾಕ್ಟರ್ ಇನ್ನೂ ಪೂರ್ತಿ ಕಲಿತಿಲ್ಲ ಅಂತಲೇ ನಾನು ಹೇಳುವುದು.

ಪ್ರಶ್ನೆ (ಅದೇ ಹೌಸ್ ಸರ್ಜನ್): ಮಂಡ್ಯದ ಆಲೆಮನೆ ಪ್ರಕರಣ ಆದಮೇಲೆ ಅಬಾರ್ಷನ್ ಅಂದರೇ ಸೀನಿಯರ್‌ಗಳು ಹಿಂಜರಿಯುತ್ತಾರೆ ಮೇಡಂ.

ಉತ್ತರ: ಆ ಹೆದರಿಕೆ ನನಗೂ ಗೊತ್ತು. 2023ರಲ್ಲಿ ಬಯಲಾದದ್ದು ಭ್ರೂಣದ ಲಿಂಗ ಪತ್ತೆಮಾಡಿ ಹೆಣ್ಣಾದರೆ ತೆಗೆಸುತ್ತಿದ್ದ ಜಾಲ. ಅಂಥದ್ದನ್ನು ತಡೆಯಲೆಂದೇ 1994ರ ಕಾಯ್ದೆ ಇದೆ, ತಡೆಯಲೇಬೇಕು. ಆದರೆ 7 ವಾರಕ್ಕೆ ಬಂದವಳ ಸ್ಕ್ಯಾನಿನಲ್ಲಿ ಗಂಡೋ ಹೆಣ್ಣೋ ಕಾಣುವುದೇ ಇಲ್ಲ. ಅವಳನ್ನೂ ಅನುಮಾನದಿಂದ ನೋಡಿ ಕಳಿಸಿದರೆ ಸೀದಾ ಮೆಡಿಕಲ್ ಶಾಪಿಗೆ ಹೋಗುತ್ತಾಳೆ. ಮದ್ದೂರು ಕಡೆಯ ಒಬ್ಬಾಕೆ ಹಾಗೇ ಮಾತ್ರೆ ನುಂಗಿ, ನಾಲ್ಕು ದಿನ ಹೊಟ್ಟೆನೋವು ತಡೆದುಕೊಂಡು ನಮ್ಮಲ್ಲಿಗೆ ಬಂದಳು. ಗರ್ಭ ಅಂಡನಾಳದಲ್ಲಿತ್ತು, ನಾಳ ಒಡೆದಿತ್ತು. ಸೆರಗಿನ ತುದಿಯಲ್ಲಿ ಮಾತ್ರೆಯ ಖಾಲಿ ಪಟ್ಟಿ ಗಂಟು ಹಾಕಿಕೊಂಡಿದ್ದಳು, ಡಾಕ್ಟರಿಗೆ ತೋರಿಸಬೇಕಲ್ಲ ಅಂತ. ಬದುಕಿದಳು. ಆದರೆ ಆಕೆ ಮೊದಲು ಹೋಗಿದ್ದು ಆಸ್ಪತ್ರೆಗೇ. ಬೈದು ಕಳಿಸಿದ್ದರು.

ಪ್ರಶ್ನೆ: ನಾಳೆಯೇ ಯೂನಿಟ್ ಚೀಫ್ ಹತ್ತಿರ ಕೇಳುತ್ತೇನೆ ಮೇಡಂ. ಪರಂಗಿ ಎಂಥದ್ದು ತರಬೇಕು?

ಉತ್ತರ: ಅಂಗೈಗಿಂತ ಸ್ವಲ್ಪ ದೊಡ್ಡದು, ಅರ್ಧ ಮಾಗಿದ್ದು. ತುಂಬಾ ಹಣ್ಣಾದರೆ ಕೈಯಲ್ಲೇ ಕುಸಿಯುತ್ತದೆ. ದೇವರಾಜ ಮಾರುಕಟ್ಟೆಗೆ ಬೆಳಿಗ್ಗೆಯೇ ಹೋಗಿ. ಜೊತೆಯವರಿಗೂ ಸೇರಿಸಿ ಆರೇಳು ತನ್ನಿ.