ಹೊರದೇಶದಾಗ ಸಭೆಯ ಗೌರವ ರಾಯಭಾರಿ: ಅನುಭವ ಇದ್ದವರು ಹೇಳ್ರಿ

ಪ್ರಶ್ನೆ (ಬಾಗಲಕೋಟೆ): ನನ್ನ ತಮ್ಮ ನೌಕರಿಗೆ ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ಹೊಂಟಾನ. ಗುಳೇದಗುಡ್ಡದ ನಮ್ಮ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯವರು ಅಲ್ಲಿ ನಮ್ಮ ಗೌರವ ರಾಯಭಾರಿ ಆಗು, ಅಲ್ಲಿಯ ಚರ್ಚಿನವರಿಗೆ ನಮ್ಮ ಸಭೆಯ ಪರಿಚಯ ಹೇಳು ಅಂದಾರ. ಪಗಾರ ಇಲ್ಲ. ಏನು ನೋಡ್ಕೋಬೇಕು?

ವಿಜಯಪುರದಿಂದ: ಒಪ್ಪಲಿ ಅಕ್ಕಾರ, ಒಳ್ಳೆ ಸೇವೆ. ನಾನೂ ಅಲ್ಲೇ ಇದ್ದಾಗ ಮಾಡೇನಿ. ಮೊದಲ ಡಯಾಸಿಸ್‌ನಿಂದ (ಬಿಷಪ್ಪರ ಆಡಳಿತದ ಕಚೇರಿಯಿಂದ) ಪತ್ರ ಕೈಗೆ ಬರಲಿ: ಎಷ್ಟು ವರ್ಷ, ವರದಿ ಯಾರಿಗೆ, ಸಭೆಯ ಹೆಸರಲೆ ಸಹಿ ಹಾಕೋ ಅಧಿಕಾರ ಇಲ್ಲ ಅಂತ.

ದೊಡ್ಡ ಮಾತು ರೊಕ್ಕದ್ದು. ಆರಾಧನೆ ಮುಗಿದು ಕಾಫಿ ಕುಡಿಯೋವಾಗ ಯಾರೋ ಅಜ್ಜಿ ನಿಮ್ಮ ಶಾಲೆ ಮಕ್ಕಳಿಗೆ ಅಂತ ಪ್ರೀತಿಯಿಂದ ಲಕೋಟೆ ಕೊಡ್ತಾಳ. ತಗೋಬಾರದು. 2010ರ ಎಫ್.ಸಿ.ಆರ್.ಎ. (ವಿದೇಶಿ ದೇಣಿಗೆ ನಿಯಂತ್ರಣ) ಕಾಯ್ದೆ ಪ್ರಕಾರ ವಿದೇಶಿ ದೇಣಿಗೆ ಪಡೆಯಾಕ ಸಂಸ್ಥೆಗೆ ನೋಂದಣಿ ಇಲ್ಲಾ ಪೂರ್ವಾನುಮತಿ ಬೇಕು. 2020ರ ತಿದ್ದುಪಡಿ ಆದ ಮ್ಯಾಲೆ ಅದು ದಿಲ್ಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೇ ಮೊದಲ ಬರಬೇಕು. ತನ್ನ ಖಾತೆಗೆ ಹಾಕಿಸ್ಕೊಂಡು ಊರಿಗೆ ಕಳಿಸಿದ್ರ ಅವಗೂ ತ್ರಾಸ, ಸಭೆಗೂ ತ್ರಾಸ. ಕೊಡಬೇಕನ್ನೋರಿಗೆ ಡಯಾಸಿಸ್ ಆಫೀಸಿನ ವಿಳಾಸ ಕೊಡಲಿ, ಸಾಕು. ಭಾರತದ ಪೌರತ್ವ ಇರೋತನಕ ತನ್ನ ಸ್ವಂತ ಗಳಿಕೆಯಿಂದ ಬ್ಯಾಂಕ್ ಮೂಲಕ ಕಾಣಿಕೆ ಕಳಿಸಿದ್ರ ಅದು ವಿದೇಶಿ ದೇಣಿಗೆ ಅನಿಸೂದಿಲ್ಲ. ಅಲ್ಲಿಯ ಪೌರತ್ವ ತಗೊಂಡ್ರ ಅನಿಸ್ತದ.

ಬೆಳಗಾವಿಯಿಂದ: ಅಣ್ಣಾರು ಹೇಳಿದ್ದು ಖರೇ. ಇತಿಹಾಸನೂ ಓದ್ಕೊಂಡು ಹೋಗಲಿ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ 1834ರಾಗ ಮಂಗಳೂರಿಗೆ, 1851ರಾಗ ನಿಮ್ಮ ಗುಳೇದಗುಡ್ಡಕ್ಕ ಬಂತು. ಆ ಮಿಷನರಿಗಳೊಳಗ ಭಾಳ ಮಂದಿ ಸ್ಟುಟ್‌ಗಾರ್ಟ್ ಸುತ್ತಿನ ವ್ಯೂರ್ಟೆಂಬರ್ಗ್ ಸೀಮೆಯವರು, ಹಿಂಗಾಗಿ ಮಾತು ಶುರು ಮಾಡಾಕ ಇದಕ್ಕಿಂತ ಒಳ್ಳೆ ಎಳೆ ಸಿಗೂದಿಲ್ಲ. ಸಿ.ಎಸ್.ಐ. ಅಂದ್ರೇನು ಅಂತ ಕೇಳೇ ಕೇಳ್ತಾರ: ಆಂಗ್ಲಿಕನ್, ಮೆಥೋಡಿಸ್ಟ್, ದಕ್ಷಿಣ ಭಾರತ ಸಂಯುಕ್ತ ಸಭೆ ಕೂಡಿ 1947ರ ಸೆಪ್ಟೆಂಬರ್ 27ಕ್ಕ ಆದ ಸಭೆ. ಆದ್ರ ನಮ್ಮ ಬೆಳಗಾವಿ ಮೆಥೋಡಿಸ್ಟ್ ಸಭೆ ಅಮೆರಿಕದ ಮಿಷನ್ ಮೂಲದ್ದು, ಸಿ.ಎಸ್.ಐ. ಒಳಗಿಲ್ಲ. ಅದಕ್ಕ ಉತ್ತರ ಕರ್ನಾಟಕದ ಕ್ರೈಸ್ತರೆಲ್ಲರ ಪರವಾಗಿ ಅಂತ ಮಾತಾಡೋದು ಬ್ಯಾಡ, ಕಳಿಸಿದ ಸಭೆಯ ಪರ ಅಷ್ಟೇ.

ಬರೇ ಬಡತನದ ಫೋಟೋ ತೋರಿಸಿ ಕನಿಕರ ಗಳಿಸೋದು ನನಗಂತೂ ಒಪ್ಪಿಗಿಲ್ಲ. ಸುಗ್ಗಿ ಹಬ್ಬದಾಗ ಜೋಳದ ಚೀಲ ಹರಾಜಾಗೋದು, ಊರಾಗ ಖಣ ನೇಯೋ ಮಗ್ಗ, ಹಾಡೋ ಹುಡುಗೂರು, ಇವನ್ನ ತೋರಿಸಲಿ. ಅಲ್ಲಿಯ ಸಭೆಯ ಕಷ್ಟಸುಖಾನೂ ಇಲ್ಲಿಗೆ ಬರೀಲಿ, ನಾವೂ ಅವರಿಗಾಗಿ ಪ್ರಾರ್ಥನೆ ಮಾಡೋಣು.

ಹುಬ್ಬಳ್ಳಿಯಿಂದ: ಒಂದು ಯಾರೂ ಹೇಳಲಿಲ್ಲ. ಜರ್ಮನಿಗೆ ಹೋದ ಮ್ಯಾಲೆ ಅಲ್ಲಿಯ ಊರಾಡಳಿತದಾಗ ಹೆಸರು ಹಚ್ಚೋವಾಗ ಧರ್ಮದ ಕಾಲಂನಾಗ ಪ್ರೊಟೆಸ್ಟಂಟ್ ಅಂತ ಬರೆದ್ರ ಪಗಾರದಾಗ ಚರ್ಚ್ ತೆರಿಗೆ ಹಿಡೀತಾರ. ಸ್ಟುಟ್‌ಗಾರ್ಟ್ ಇರೋ ರಾಜ್ಯದಾಗ ಅದು ಆದಾಯ ತೆರಿಗೆಯ ಶೇ. 8. ಮನಿ ಖರ್ಚಿನ ಲೆಕ್ಕ ಹಾಕೋವಾಗ ಇದನ್ನೂ ಹಿಡ್ಕೊಳ್ಳಲಿ.