ಬೇಟೆಗಾರರ ಫೈಲಿನಲ್ಲಿ ಬಂಡಾಯದ ಕಥೆ: ಎಷ್ಟು ನಂಬೋಣ?

ಗಿರೀಶ್_ಓದು: ಉಕ್ರೇನಿನಲ್ಲಿ 1918ರಿಂದ 1923ರ ತನಕ ನಡೆದ ರೈತ ಬಂಡಾಯಗಳ ಬಗ್ಗೆ ಓದುತ್ತಿದ್ದೇನೆ. ಬಂಡಾಯಗಾರ ರೈತರ ನಾಯಕ ಮಖ್ನೋ ಪ್ಯಾರಿಸ್ ಸೇರಿದ ಮೇಲೆ ನೆನಪುಗಳನ್ನು ಬರೆದ, ಆದರೆ ಅವು 1918ರ ಕೊನೆಗೇ ನಿಂತುಹೋಗುತ್ತವೆ. ಅಲ್ಲಿಂದ ಮುಂದಕ್ಕೆ ಎಲ್ಲರೂ ಚೆಕಾ ಫೈಲುಗಳ ಕಡೆ ಕೈ ತೋರಿಸುತ್ತಾರೆ. ಚೆಕಾ ಅಂದರೆ ಬೊಲ್ಷೆವಿಕರ ರಹಸ್ಯ ಪೊಲೀಸ್, 1922ರಿಂದ ಜಿಪಿಯು. ಕೊಂದವರು ಬರೆದದ್ದನ್ನು ಸತ್ತವರ ಚರಿತ್ರೆ ಅಂತ ಒಪ್ಪೋದು ಹೇಗೆ? ನನಗಂತೂ ಮನಸ್ಸು ಬರುತ್ತಿಲ್ಲ.

ಸುಮಾ_ಧಾರವಾಡ: ಗಿರೀಶ್ ಅವರೇ, ಆ ವರದಿಗಳನ್ನು ಬರೆದದ್ದು ನಮಗಾಗಿ ಅಲ್ಲ, ಮೇಲಧಿಕಾರಿಗಾಗಿ. ಗುಂಪಿನಲ್ಲಿ ಎಷ್ಟು ಕುದುರೆ, ಎಷ್ಟು ಮೆಷಿನ್ ಗನ್, ಯಾವ ಹಳ್ಳಿ ರೊಟ್ಟಿ ಕೊಟ್ಟಿತು. ಇದರಲ್ಲಿ ಸುಳ್ಳು ಬರೆದರೆ ಅವರದೇ ತುಕಡಿ ತಪ್ಪು ಊರಿಗೆ ಹೋಗುತ್ತದೆ. ಎಲ್ಲರನ್ನೂ 'ಡಕಾಯಿತರು' ಅಂತ ಕರೆದಿದ್ದಾರೆ, ನಿಜ. ಆ ಪದ ಬಿಡಿ, ಊರಿನ ಹೆಸರು ಇಟ್ಟುಕೊಳ್ಳಿ.

ರಾಘು_ಕೊಪ್ಪ: ಅಷ್ಟು ಸುಲಭ ಇಲ್ಲ ಮೇಡಂ. 1922ರಲ್ಲಿ ಖೊಲೊದ್ನಿ ಯಾರ್ ಕಾಡಿನ ದಳಪತಿಗಳಿಗೆ ಗುಪ್ತ ಸಂಘಟನೆಯೊಂದರಿಂದ ಕರೆ ಬಂತು: ಜ್ವೆನಿಹೊರೊದ್ಕಾದಲ್ಲಿ ಸಭೆ ಇದೆ, ಬನ್ನಿ. ನಂಬಿ ಹೋದರು. ಆ ಸಂಘಟನೆಯನ್ನು ನಡೆಸುತ್ತಿದ್ದದ್ದೇ ಜಿಪಿಯು! ಹಿಡಿದು ಕೀವ್‌ನ ಲುಕ್ಯಾನಿವ್ಕಾ ಜೈಲಿಗೆ ಹಾಕಿದರು. 1923ರ ಫೆಬ್ರವರಿಯಲ್ಲಿ ಅವರು ಜೈಲಿನೊಳಗೇ ದಂಗೆ ಎದ್ದು ಸತ್ತರು. ಈಗ ಹೇಳಿ, ಫೈಲಿನಲ್ಲಿ 'ಬಂಡಾಯ ಕೇಂದ್ರ'ದ ಪತ್ರ ಸಿಕ್ಕರೆ ಅದನ್ನು ಬರೆದದ್ದು ಬಂಡಾಯಗಾರನೋ ಪೊಲೀಸನೋ?

ಸುಮಾ_ಧಾರವಾಡ: ಒಪ್ಪಿದೆ ರಾಘು. ಒಂದೊಂದು ಕಾಗದಕ್ಕೂ ಆ ಪ್ರಶ್ನೆ ಕೇಳಲೇಬೇಕು. ಆದರೆ ಇಂಥ ಬಲೆ ಹೆಣೆದ ವಿವರವೂ ಅವರ ಕಾಗದಗಳಲ್ಲೇ ಉಳಿದಿದೆ ಅಲ್ವಾ? ಬೊಲ್ಷೆವಿಕರ ವಿರುದ್ಧ ಹೋರಾಡಿದ ಉಕ್ರೇನಿನ ಸೇನಾನಿ ತ್ಯುತ್ಯುನ್ನಿಕ್‌ನನ್ನು 1923ರಲ್ಲಿ ಇದೇ ತರಹ ಗಡಿ ದಾಟಿಸಿ ಹಿಡಿದರು. ಅದಕ್ಕೆ ಅವರೇ ಇಟ್ಟ ಹೆಸರು '39ನೇ ಪ್ರಕರಣ'.

ಅನಂತಯ್ಯ: ನಾನು ಮೊದಲು ನೋಡೋದು ಕಾಗದದ ತಾರೀಕು. ಮಖ್ನೋ ಸೈನ್ಯದ ಮುಖ್ಯಾಧಿಕಾರಿ ವಿಕ್ತೊರ್ ಬೆಲಾಶ್‌ನನ್ನು ನೋಡಿ. 1921ರಲ್ಲಿ ಸಿಕ್ಕಿಬಿದ್ದ. ಜೈಲಿನಲ್ಲೇ ಕೂತು ಬಂಡಾಯದ ಕಥೆ ಬರೆದ. ಯಾರು ಓದುತ್ತಾರೆ ಅಂತ ಅವನಿಗೆ ಗೊತ್ತಿತ್ತು. ಹಾಗಾಗಿ ಅವನ ಅಭಿಪ್ರಾಯಗಳನ್ನು ನಾನು ಅನುಮಾನದಿಂದಲೇ ಓದುತ್ತೇನೆ. ಆದರೆ ದಂಡು ಯಾವ ದಾರಿಯಲ್ಲಿ ನಡೆಯಿತು, ಯಾವ ದಳ ಯಾರ ಕೈಯಲ್ಲಿತ್ತು ಅನ್ನೋದರಲ್ಲಿ ಅವನಷ್ಟು ಬಲ್ಲವರು ಕಡಿಮೆ. 1938ರಲ್ಲಿ ಅವನಿಗೂ ಗುಂಡಿಟ್ಟರು. ಅದೇ ವರ್ಷ ಲೆವ್ ಜಾದೊವ್‌ಗೂ. ಈತ ಮಖ್ನೋನ ಗೂಢಚಾರ ವಿಭಾಗದಲ್ಲಿದ್ದವನು, ಆಮೇಲೆ ಒದೆಸಾದಲ್ಲಿ ಅದೇ ರಹಸ್ಯ ಪೊಲೀಸಿಗೆ ಸೇರಿದವನು. 1921ರಲ್ಲಿ ಪೊಲೀಸರಿಗೆ ಬೇಕಿದ್ದದ್ದು ಸುದ್ದಿ. 1937-38ರಲ್ಲಿ ಬೇಕಿದ್ದದ್ದು ತಪ್ಪೊಪ್ಪಿಗೆ, ಅದನ್ನು ಹೊಡೆದು ಬಡಿದು ಬರೆಸಿಕೊಳ್ಳುತ್ತಿದ್ದರು. ಎರಡೂ ಒಂದೇ ದಾಖಲೆ ಮನೆಯಲ್ಲಿವೆ ಅಂತ ಒಂದೇ ತಕ್ಕಡಿಗೆ ಹಾಕಬೇಡಿ.

ಗಿರೀಶ್_ಓದು: ಅನಂತಯ್ಯನವರೇ, ಈ ತಾರೀಕಿನ ಮಾತು ನನಗೆ ಹೊಳೆದಿರಲಿಲ್ಲ. ಆದರೂ ಒಂದು ಸಂಕಟ ಹೋಗಲಿಲ್ಲ. ರೊಟ್ಟಿ ಕೊಟ್ಟ ಹೆಂಗಸು ಆ ಫೈಲಿನಲ್ಲಿ ಒಂದು ಸಾಲು ಅಷ್ಟೇ. ಅವಳು ಹೆದರಿ ಕೊಟ್ಟಳೋ, ಗುಂಪಿನಲ್ಲಿ ಮಗನಿದ್ದ ಅಂತ ಕೊಟ್ಟಳೋ?

ಸುಮಾ_ಧಾರವಾಡ: ಪೊಲೀಸ್ ಅದನ್ನು ಕೇಳಿರೋದಿಲ್ಲ. ಅವನಿಗೆ ಅವಳ ಊರು ಗೊತ್ತಾದರೆ ಸಾಕಿತ್ತು.