ಲಡಾಖಿನ ಮೋರೆ ಬಯಲಿನಲ್ಲಿ ನೆರವಾದವರ ಋಣವನ್ನು ಹೇಗೆ ತೀರಿಸುವುದು?

ಬಸವನಗುಡಿಯ ಸವಾರ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಕಳೆದ ಜುಲೈ ತಿಂಗಳಲ್ಲಿ ನಾನು ಬೆಂಗಳೂರಿನಿಂದ ಲೇಹ್‌ಗೆ ಬೈಕಿನಲ್ಲಿ ಒಬ್ಬನೇ ಹೋಗಿ ಬಂದೆ. ಹೆಬ್ಬಾಳ ದಾಟಿ ರಾಷ್ಟ್ರೀಯ ಹೆದ್ದಾರಿ 44ನ್ನು ಹಿಡಿದು, ಕರ್ನೂಲು, ಹೈದರಾಬಾದ್, ನಾಗಪುರ, ಝಾನ್ಸಿಗಳನ್ನು ಹಾದು, ಉತ್ತರದಲ್ಲಿ ಮನಾಲಿಯ ದಾರಿಗೆ ತಿರುಗಿಕೊಂಡೆ. ದಾರಿಯುದ್ದಕ್ಕೂ ಜನರು ನನ್ನನ್ನು ಮನೆಯವನಂತೆ ನಡೆಸಿಕೊಂಡರು. ಅವುಗಳಲ್ಲಿ ಒಂದು ಪ್ರಸಂಗ ಮಾತ್ರ ಊರಿಗೆ ಮರಳಿದ ಮೇಲೂ ನನ್ನನ್ನು ಕಾಡುತ್ತಿದೆ.

ಮನಾಲಿ-ಲೇಹ್ ರಸ್ತೆಯ ಗಾಟಾ ಲೂಪ್ಸ್‌ ಎಂಬ ಘಾಟಿಯ 21 ತಿರುವುಗಳನ್ನು ಏರಿ, ಪಾಂಗ್ ದಾಟಿ, ಮೋರೆ ಬಯಲಿನ ನಡುವೆ ಸಾಗುತ್ತಿದ್ದಾಗ ಹಿಂದಿನ ಚಕ್ರ ಪಂಕ್ಚರ್ ಆಯಿತು. ಬದಲಿ ಟ್ಯೂಬು, ಲಿವರ್, ಕೈಪಂಪು ಎಲ್ಲವೂ ನನ್ನ ಬಳಿ ಇದ್ದವು. ಆದರೆ ಸಮುದ್ರಮಟ್ಟದಿಂದ ಸುಮಾರು 4,700 ಮೀಟರ್ ಎತ್ತರದ ಆ ಜಾಗದಲ್ಲಿ ಹತ್ತು ಸಲ ಪಂಪು ಒತ್ತುವಷ್ಟರಲ್ಲಿ ಉಸಿರು ಸಾಲದೆ ಕಣ್ಣು ಕತ್ತಲೆ ಬರುತ್ತಿತ್ತು. ಫೋನಿಗೆ ಸಿಗ್ನಲ್ ಇರಲಿಲ್ಲ. ಆಗ ಲೇಹ್ ಕಡೆಯಿಂದ ಬಂದ ಒಂದು ಲಾರಿ ತಾನಾಗಿಯೇ ನಿಂತಿತು. ಚಾಲಕರು ನನ್ನನ್ನು ಕ್ಯಾಬಿನ್ನಿನೊಳಗೆ ಕೂರಿಸಿ, ಸ್ಟೌ ಹಚ್ಚಿ ಚಹಾ ಕಾಯಿಸಿದರು, ತಮ್ಮ ಬುತ್ತಿಯ ರೊಟ್ಟಿಯನ್ನೂ ಕೊಟ್ಟರು. ಅವರ ಜೊತೆಗಿದ್ದ ಕ್ಲೀನರ್ ಹುಡುಗ ಅಷ್ಟರಲ್ಲಿ ಟ್ಯೂಬು ಬದಲಿಸಿ ಗಾಳಿ ತುಂಬಿಸಿದ. ಹೊರಡುವಾಗ ನಾನು 500 ರೂಪಾಯಿಯ ನೋಟನ್ನು ಚಾಚಿದೆ. ಅಲ್ಲಿಯವರೆಗೆ ನಗುತ್ತಿದ್ದ ಅವರ ಮುಖ ಬಾಡಿತು. ಏನೂ ಹೇಳದೆ ಲಾರಿ ಹತ್ತಿ ಹೊರಟುಹೋದರು. ಅವರ ಹೆಸರನ್ನೂ ನಾನು ಕೇಳಿರಲಿಲ್ಲ. ಒಂದು ಗಂಟೆ ನನಗಾಗಿ ನಿಂತವರ ಮನಸ್ಸನ್ನು ನೋಯಿಸಿಬಿಟ್ಟೆನೇ? ಇಂಥ ಋಣವನ್ನು ತೀರಿಸುವ ದಾರಿ ಯಾವುದು? ಅನುಭವಿಗಳು ದಯವಿಟ್ಟು ತಿಳಿಸಿ.

ಮಲ್ಲೇಶ್ವರದ ಪಯಣಿಗಳು:

ನೀವು ಕೆಟ್ಟ ಉದ್ದೇಶದಿಂದ ಕೊಡಲಿಲ್ಲ, ಅದು ಅವರಿಗೂ ಅರ್ಥವಾಗಿರುತ್ತದೆ. ಆದರೆ ಬುತ್ತಿ ಹಂಚಿಕೊಂಡವರ ಮುಂದೆ ನೋಟು ಹಿಡಿದರೆ ಅತಿಥಿ ಇದ್ದಕ್ಕಿದ್ದಂತೆ ಗಿರಾಕಿಯಾಗಿಬಿಡುತ್ತಾನೆ. ಬೀದರಿನ ಗುರುದ್ವಾರ ನಾನಕ್ ಝೀರಾದಲ್ಲಿ ನನಗೂ ಇದೇ ಪಾಠವಾಯಿತು. ಬೆಂಗಳೂರಿನಿಂದ ನಾಂದೇಡಕ್ಕೆ ಒಬ್ಬಳೇ ಹೊರಟಿದ್ದಾಗ ಅಲ್ಲಿ ಲಂಗರಿನಲ್ಲಿ, ಅಂದರೆ ಎಲ್ಲರಿಗೂ ಉಚಿತವಾಗಿ ಬಡಿಸುವ ಪಂಕ್ತಿಯಲ್ಲಿ, ಊಟ ಮಾಡಿ, ಎಷ್ಟು ಕೊಡಬೇಕು ಎಂದು ಬಡಿಸುತ್ತಿದ್ದ ಹಿರಿಯರನ್ನು ಕೇಳಿದೆ. ಅವರು ಬೆಳ್ಳುಳ್ಳಿ ಸುಲಿಯುತ್ತಿದ್ದ ಹೆಂಗಸರ ಸಾಲನ್ನು ತೋರಿಸಿದರು. ಅರ್ಧ ಗಂಟೆ ಅವರ ಜೊತೆ ಕೂತು ಸುಲಿದೆ. ಎದ್ದಾಗ ನನ್ನ ಮನಸ್ಸಿನ ಮೇಲೆ ಯಾವ ಭಾರವೂ ಇರಲಿಲ್ಲ.

ಒಂದು ಮಾತನ್ನು ಹೆಣ್ಣುಮಗಳಾಗಿ ಸೇರಿಸಬೇಕು. ಅಪರಿಚಿತರ ಕರುಣೆಯನ್ನು ನಾನು ಮನಸಾರೆ ನಂಬುತ್ತೇನೆ, ಆದರೆ ಕಣ್ಣು ಮುಚ್ಚಿ ನಂಬುವುದಿಲ್ಲ. ಹೆಂಗಸರೂ ಮಕ್ಕಳೂ ಇರುವ ಮನೆ, ಬೆಳಕಿರುವ ಪೆಟ್ರೋಲ್ ಬಂಕು, ಊರಿನ ನಡುವಿನ ಹೋಟೆಲು, ಇಂಥ ಕಡೆಯೇ ಸಹಾಯ ಕೇಳುತ್ತೇನೆ. ನಾನು ಎಲ್ಲಿದ್ದೇನೆಂಬುದು ಅಕ್ಕನ ಫೋನಿಗೆ ಸದಾ ತಿಳಿಯುತ್ತಿರುತ್ತದೆ.

ತುಮಕೂರು ರಸ್ತೆಯ ಪಂಕ್ಚರ್ ಅಂಗಡಿಯವನು:

ಸರ್, ಅಂಗಡಿ ಇಡುವ ಮೊದಲು ನಾನು 14 ವರ್ಷ ಲಾರಿ ಓಡಿಸಿದ್ದೇನೆ, ಎರಡು ಬೇಸಿಗೆ ಅದೇ ರಸ್ತೆಯಲ್ಲಿದ್ದೆ. ಅಲ್ಲಿ ನಿಂತ ಗಾಡಿಯನ್ನು ಕಂಡು ಮುಂದೆ ಹೋಗಲು ಮನಸ್ಸು ಬರುವುದಿಲ್ಲ. ಸಂಜೆಯಾದ ಮೇಲೆ ಆ ಚಳಿಯಲ್ಲಿ ಒಬ್ಬ ಮನುಷ್ಯ ಬಯಲಿನಲ್ಲಿ ಉಳಿದರೆ ಏನಾಗುತ್ತದೆಂದು ಚಾಲಕರಿಗೆ ಗೊತ್ತು, ನಾಳೆ ಅಲ್ಲಿ ನಿಲ್ಲುವವನು ತಾನೇ ಆಗಿರಬಹುದೆಂಬುದೂ ಗೊತ್ತು. ಅದಕ್ಕೆ ಕೂಲಿ ಕಟ್ಟಿದರೆ ಯಾರಿಗೇ ಆಗಲಿ ಬೇಸರವಾಗುತ್ತದೆ.

ಆದರೆ ಹಣ ಕೊಡುವುದೇ ತಪ್ಪು ಎಂಬ ತೀರ್ಮಾನಕ್ಕೆ ದಯವಿಟ್ಟು ಬರಬೇಡಿ. ನಡುರಾತ್ರಿ ನನ್ನನ್ನು ಎಬ್ಬಿಸಿ ಪಂಕ್ಚರ್ ಹಾಕಿಸಿಕೊಂಡು, ನನ್ನ ಜೊತೆ ಒಂದು ಫೋಟೋ ತೆಗೆಸಿಕೊಂಡು, ಎಷ್ಟು ಒಳ್ಳೆಯ ಮನುಷ್ಯರು ಎಂದು ಹೊಗಳಿ ಹೊರಟುಹೋದ ಸವಾರರೂ ಇದ್ದಾರೆ. ಅದು ನನ್ನ ಕಸುಬು, ಅದರಿಂದಲೇ ನನ್ನ ಮಕ್ಕಳ ಶಾಲೆಯ ಫೀಸು ಹೋಗುತ್ತದೆ. ಕಸುಬಿನವನಿಗೆ ಕೇಳಿದಷ್ಟು ಕೊಡಿ, ದಾರಿಹೋಕನಾಗಿ ನಿಂತವನಿಗೆ ಕೈಮುಗಿಯಿರಿ.

ನಿಮ್ಮ ಬಳಿ ಅವರ ಫೋಟೋ ಇದೆಯೇ? ಆ ರಸ್ತೆಯಲ್ಲಿ ಓಡಾಡುವ ಲಾರಿಗಳು ದಾರ್ಚಾ, ಸರ್ಚು, ಪಾಂಗ್‌ಗಳ ಢಾಬಾಗಳಲ್ಲಿ ನಿಲ್ಲುತ್ತವೆ, ಢಾಬಾದವರಿಗೆ ಚಾಲಕರ ಮುಖಪರಿಚಯ ಇರುತ್ತದೆ. ಹಿಮ ಕರಗಿ ರಸ್ತೆ ತೆರೆದ ಮೇಲೆ ಅತ್ತ ಹೋಗುವವರ ಕೈಯಲ್ಲಿ ಫೋಟೋದ ಪ್ರತಿಯನ್ನೂ ಒಂದು ಪತ್ರವನ್ನೂ ಕಳಿಸಿ. ತಲುಪುವ ಸಾಧ್ಯತೆ ಚೆನ್ನಾಗಿಯೇ ಇದೆ.

ಜಯನಗರದ ದಾದಿ:

ನಮ್ಮ ಊರಿನ ಮಾತನ್ನೂ ಆಡೋಣ. ಹೊರವರ್ತುಲ ರಸ್ತೆಯಲ್ಲಿ ಬೈಕ್ ಸವಾರ ಬಿದ್ದಾಗ ಸುತ್ತ ನಿಂತವರು, ಪೊಲೀಸು ಕೋರ್ಟು ಎಂದು ಅಲೆಯಬೇಕಾಗುತ್ತದೆಂಬ ಭಯದಿಂದಲೇ ಹಿಂಜರಿಯುತ್ತಾರೆ. ಗಾಯಾಳುಗಳಿಗೆ ನೆರವಾದವರನ್ನು ರಕ್ಷಿಸುವ ಕಾಯ್ದೆಯನ್ನು ಕರ್ನಾಟಕ 2016ರಲ್ಲಿಯೇ ರೂಪಿಸಿತು. 2019ರ ತಿದ್ದುಪಡಿಯಿಂದ ಮೋಟಾರು ವಾಹನ ಕಾಯ್ದೆಗೂ ಇಂಥದೇ ರಕ್ಷಣೆ ಕೊಡುವ 134ಎ ಕಲಂ ಸೇರಿದೆ. ಒಳ್ಳೆಯ ಉದ್ದೇಶದಿಂದ ನೆರವಾದವರು ತಮ್ಮ ಹೆಸರು ಹೇಳಲೇಬೇಕೆಂಬ ಬಲವಂತವೂ ಇಲ್ಲ. ಹಾಗಾಗಿ ನಿಲ್ಲಿ, 108ಕ್ಕೆ ಕರೆ ಮಾಡಿ, ಕುತ್ತಿಗೆಯನ್ನು ಅಲುಗಾಡಿಸದೆ ನೋಡಿಕೊಳ್ಳಿ. ಮೋರೆ ಬಯಲಿನ ಋಣಕ್ಕೆ ಸಿಲ್ಕ್ ಬೋರ್ಡಿನಲ್ಲಿಯೂ ಒಂದು ಕಂತು ಕಟ್ಟಬಹುದು.

ಬಸವನಗುಡಿಯ ಸವಾರ:

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಫೋಟೋ ಇದೆ. ಚಾಲಕರು ಚಹಾದ ಪಾತ್ರೆ ಹಿಡಿದು ನಿಂತಿದ್ದಾರೆ, ಹಿಂದೆ ಆ ಹುಡುಗ ಪಂಪಿನ ಮೇಲೆ ಬಾಗಿದ್ದಾನೆ. ಯಲಹಂಕದ ಗೆಳೆಯನೊಬ್ಬ ಬರುವ ಬೇಸಿಗೆಯಲ್ಲಿ ಅದೇ ದಾರಿಯಲ್ಲಿ ಹೊರಡುತ್ತಾನೆ. ನಾನು ಎರಡು ಪ್ರತಿ ಹಾಕಿಸುತ್ತಿದ್ದೇನೆ, ಹುಡುಗನಿಗೂ ತನ್ನದೇ ಒಂದು ಪ್ರತಿ ಇರಲಿ. ಪತ್ರವನ್ನು ನನಗೆ ಬರುವಷ್ಟು ಹಿಂದಿಯಲ್ಲಿ ಬರೆದಿದ್ದೇನೆ, ಅದನ್ನು ತಿದ್ದಿಕೊಡುವವರು ಯಾರಾದರೂ ಇಲ್ಲಿದ್ದೀರಾ?